ಮೇಸ್ತ್ರಿ ಆರಿಸಿ ತಂದ ಜಾಕ್

ಹಳೇ ಜಾಕ್ ಕೈಕೊಟ್ಟಿತು. ಕಾರು ಎತ್ತಿ ನಿಲ್ಲಿಸಿ ಒಂದು ಲೋಟ ಟೀ ಕುಡಿದು ಬರುವಷ್ಟರಲ್ಲಿ ತಾನಾಗಿಯೇ ಮೆಲ್ಲಗೆ ಇಳಿದು, ಏನೂ ಅರಿಯದ ಪಾಪದವರ ಹಾಗೆ ನೆಲಕ್ಕೆ ಕೂತಿರುತ್ತಿತ್ತು. ಮೇಸ್ತ್ರಿ ಅದನ್ನು ಬಿಚ್ಚಿದರು, ಎಣ್ಣೆ ಬದಲಾಯಿಸಿದರು, ವಾಷರ್ ಹಾಕಿದರು, ಕೊನೆಗೆ ಬಾಯಿಗೆ ಬಂದ ಹಾಗೆ ಬೈದರು. ಅದು ಯಾವುದಕ್ಕೂ ಜಗ್ಗಲಿಲ್ಲ.

“ಸಾಕು ಬಿಡಿ ಮಾವ, ಹೊಸದು ತರೋಣ,” ಅಂದಳು ಸೊಸೆ. “ಗಾಡಿ ಕೆಳಗೆ ಮಲಗೋಳು ನಾನು.”

ಆ ಮಾತಿಗೆ ಎದುರಾಡುವುದಕ್ಕೆ ಮನೆಯಲ್ಲಿ ಯಾರಿಗೂ ಬಾಯಿರಲಿಲ್ಲ. ಇವರದು ಶೆಡ್ಡಿಲ್ಲದ ಗ್ಯಾರೇಜು. ಹಿಂದೆ ಇದ್ದ ಶೆಡ್ಡನ್ನು ಜಾಗದವರು ಬಿಡಿಸಿಕೊಂಡ ಮೇಲೆ, ಕಾರು ಎಲ್ಲಿ ಕೆಟ್ಟು ನಿಂತಿದೆಯೋ ಅಲ್ಲಿಗೇ ಹೋಗಿ ರಿಪೇರಿ ಮಾಡುವ ಪದ್ಧತಿ ಶುರುವಾಗಿತ್ತು. ಹಳೇ ವ್ಯಾನಿನ ಹಿಂಭಾಗದಲ್ಲಿ ಪಾನಾ ಪೆಟ್ಟಿಗೆ, ಎತ್ತಿದ ಕಾರು ಬೀಳದ ಹಾಗೆ ಕೆಳಗೆ ಆನಿಕೆ ಕೊಡುವ ಸ್ಟ್ಯಾಂಡುಗಳು, ಜಾಕ್. ಪ್ರತಿ ಮನೆಯ ಮುಂದೆಯೂ ಎಲ್ಲವನ್ನೂ ಇಳಿಸಬೇಕು, ಕೆಲಸ ಮುಗಿದ ಮೇಲೆ ಮತ್ತೆ ಹತ್ತಿಸಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಸುಮ್ಮನೆ ಜೊತೆಗೆ ಹೋಗಿ ಪಾನಾ ಎತ್ತಿಕೊಡುತ್ತಿದ್ದಳು. ಆಮೇಲೆ ನಟ್ಟು ಬಿಚ್ಚಿದಳು, ಆಮೇಲೆ ಬ್ರೇಕಿಗೆ ಕೈ ಹಾಕಿದಳು. ಮೇಸ್ತ್ರಿಯ ಮಂಡಿ ಹಟ ಹಿಡಿದ ಮೇಲಂತೂ ಊರೆಲ್ಲ ಸುತ್ತುವವಳು ಅವಳೇ. ಮೇಸ್ತ್ರಿ ಹಿತ್ತಲಲ್ಲಿ ಒಂದು ಬೆಂಚು ಹಾಕಿಕೊಂಡು, ಅವಳು ಬಿಚ್ಚಿ ತಂದ ಸಾಮಾನುಗಳನ್ನು ತೊಳೆದು ಸರಿಮಾಡುತ್ತಿದ್ದರು. ಮಗನಿಗೆ ಗ್ರೀಸಿನ ವಾಸನೆಯೇ ಆಗದು. ಬಿಸ್ಕತ್ತಿನ ಗೋದಾಮಿನಲ್ಲಿ ಕೆಲಸ ಹಿಡಿದು, ಕೈ ತೊಳೆದುಕೊಂಡು ಹಾಯಾಗಿದ್ದ.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ಫೋನು ಅಂತ ಒಂದು ಇದೆಯಲ್ಲ! ಮುಂಚೆ ಯಾರು ಫೋನ್ ಮಾಡಿದರೂ “ಮೇಸ್ತ್ರಿ ಇದ್ದಾರಾ?” ಅನ್ನುತ್ತಿದ್ದರು. ಬರಬರುತ್ತ “ಆ ಹುಡುಗಿ ಇದ್ದಾಳಾ?” ಅನ್ನತೊಡಗಿದರು. ಹಲ್ಲಿನ ಡಾಕ್ಟರೊಬ್ಬರು, ಹಳೇ ಗಿರಾಕಿ, ಮುಲಾಜಿಲ್ಲದೆ ಹೇಳಿಯೇಬಿಟ್ಟರು: “ತಪ್ಪು ತಿಳ್ಕೋಬೇಡಿ ಮೇಸ್ತ್ರಿ, ಹೋದ ಸಲ ಗಾಲಿಯಲ್ಲಿ ಕಿರ್ರ್ ಅಂತ ಸದ್ದು ಬರ್ತಿದೆ ಅಂದ್ರೆ ನಿಮಗೆ ಕೇಳಿಸ್ಲೇ ಇಲ್ಲ. ನಿಮ್ಮ ಸೊಸೆ ಕಾರು ಗೇಟಿನ ಹತ್ರ ಬರೋವಾಗ್ಲೇ ಹೇಳಿದ್ಳು. ಅವಳನ್ನೇ ಕಳಿಸಿ.”

ಮೇಸ್ತ್ರಿ “ಅದಕ್ಕೇನಂತೆ, ಕಳಿಸ್ತೀನಿ” ಅಂದರು. ಫೋನಿಟ್ಟು, ಹಿತ್ತಲಿಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಸ್ಟಾರ್ಟರನ್ನು ಮತ್ತೆ ತೊಳೆದರು. ಕಿವಿ ಮಂದವಾಗಿದ್ದು ಅವರಿಗೂ ಗೊತ್ತು. ಗೊತ್ತಿರುವುದನ್ನು ಬೇರೆಯವರು ಬಾಯಿಬಿಟ್ಟು ಹೇಳಿದಾಗ ಹೊಟ್ಟೆಯೊಳಗೆ ಒಂಥರಾ ಉರಿಯುತ್ತದೆ ನೋಡಿ, ಹಾಗೆ ಉರಿಯಿತು.

ಜಾಕ್ ಕೈಕೊಟ್ಟಿದ್ದು ಅದೇ ವಾರ.

ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಸೊಸೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಹೇಳಿದಳು: “ಜಾಕಿನ ಮೂತಿ ತಗ್ಗಾಗಿರ್ಬೇಕು ಮಾವ, ಈಗಿನ ಕಾರುಗಳ ಹೊಟ್ಟೆ ನೆಲಕ್ಕೇ ತಾಗೋ ಹಾಗಿರುತ್ತೆ. ಹಾಗಂತ ವ್ಯಾನ್ ಎತ್ತೋವಷ್ಟು ಮೇಲಕ್ಕೂ ಬರ್ಬೇಕು. ಚಕ್ರ ಅಗಲ ಇರ್ಲಿ, ಎಲ್ಲರ ಮನೆ ಮುಂದೇನೂ ಸಿಮೆಂಟ್ ನೆಲ ಇರಲ್ಲ. ಎಲ್ಲಕ್ಕಿಂತ ಮುಖ್ಯ, ನಾನೊಬ್ಬಳೇ ಎತ್ತಿ ವ್ಯಾನಿಗಿಡೋ ಹಾಗಿರ್ಬೇಕು. ಬಟ್ಟೆ ಒಣಗಿಸಿ ನಾನೂ ಬರ್ತೀನಿ, ಎತ್ತಿ ನೋಡೇ ತರೋಣ.”

“ಆಯ್ತಮ್ಮ,” ಅಂದರು ಮೇಸ್ತ್ರಿ.

ಅವಳು ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದ್ದೇ ತಡ, ಇವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಅಂಗಡಿಯವನು ಎರಡು ಜಾಕ್ ತೆಗೆದು ಮುಂದಿಟ್ಟ. ಒಂದು ಅಲ್ಯೂಮಿನಿಯಮ್ಮಿನದು, ಹ್ಯಾಂಡಲ್ ಎರಡು ತುಂಡಾಗಿ ಬಿಚ್ಚುವಂಥದ್ದು, ಚಕ್ರ ಅಗಲ. ಮೇಸ್ತ್ರಿ ಒಂದೇ ಕೈಯಲ್ಲಿ ಎತ್ತಿ ನೋಡಿದರು. ಬಂತು. ಹ್ಯಾಂಡಲ್ ಹಾಕಿ ಒತ್ತಿದರು, ಬೆಣ್ಣೆಯ ಹಾಗೆ ಮೇಲೆದ್ದಿತು. ತಿರುಪು ಸಡಿಲಿಸಿದರು, ಧಡ್ ಅಂತ ಬೀಳದೆ ನಿಧಾನವಾಗಿ ಇಳಿಯಿತು. ಸೊಸೆ ಹೇಳಿದ್ದೆಲ್ಲ ಅದರಲ್ಲಿತ್ತು.

“ಇನ್ನೊಂದು?”

“ಅದು ಉಕ್ಕಿಂದು ಸಾರ್. ಒಳ್ಳೇ ಮಾಲೇ. ಆದ್ರೆ ಅದು ಶೆಡ್ಡಲ್ಲಿ ಒಂದು ಕಡೆ ಇಟ್ಕೊಂಡು ಕೆಲ್ಸ ಮಾಡೋರಿಗೆ. ನೀವು ಮನೆ ಮನೆಗೆ ಹೋಗೋರಲ್ವಾ? ದಿನಾ ಎತ್ತಿ ಇಳಿಸೋಕೆ ಹೋದ್ರೆ ಸೊಂಟ ಮುರೀತದೆ.”

ಮೇಸ್ತ್ರಿ ಉಕ್ಕಿನದಕ್ಕೆ ಕೈ ಹಾಕಿದರು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದರೂ ಮೊಣಕಾಲಿನ ಮಟ್ಟಕ್ಕೆ ಬರಲಿಲ್ಲ. ಆಗ ಅವರ ತಲೆಯಲ್ಲಿ ಓಡಿದ್ದು ಏನು ಅಂತ ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ. ತಮ್ಮ ಕೈಗೇ ಬಾರದ್ದು ಅವಳ ಕೈಗೆ ಬರುತ್ತಾ? ಬರುವುದಿಲ್ಲ. ಬಾರದಿದ್ದರೆ ಏನು ಮಾಡುತ್ತಾಳೆ? ಒಂದು ದಿನ, ಎರಡು ದಿನ ಒದ್ದಾಡಿ, “ಮಾವ, ನನ್ನ ಕೈಲಾಗಲ್ಲ, ನೀವೂ ಬನ್ನಿ” ಅನ್ನುತ್ತಾಳೆ. ಆಗ ತಾವು ಸ್ವಲ್ಪ ಬಿಗುಮಾನ ಮಾಡಿ, ಆಮೇಲೆ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಹೋಗಬಹುದು. ಗಿರಾಕಿಗಳು ಮತ್ತೆ “ಮೇಸ್ತ್ರಿ ಬಂದ್ರು” ಅನ್ನುತ್ತಾರೆ. ಇದು ಅವರ ಲೆಕ್ಕಾಚಾರ. ಐವತ್ತೆಂಟು ವರ್ಷದ ಗಂಡಸಿನ ಲೆಕ್ಕಾಚಾರ!

“ಇದನ್ನೇ ಕೊಡು,” ಅಂದರು.

ಜಾಕ್ ಆಟೋದಲ್ಲಿ ಬಂದಿಳಿಯಿತು. ಸೊಸೆ ಮಾಳಿಗೆಯಿಂದ ಇಳಿದು ಬಂದು ನೋಡಿದಳು, ಬಗ್ಗಿ ಎತ್ತಲು ಹೋದಳು, ಬಿಟ್ಟಳು.

“ಭಾರ ಇದೆ ಮಾವ.”

“ಗಟ್ಟಿ ಇರೋದೆಲ್ಲ ಭಾರ ಇರುತ್ತಮ್ಮ. ಇನ್ನೊಂದು ತೋರ್ಸಿದ, ಆಟದ ಸಾಮಾನಿನ ಥರ ಇತ್ತು. ಅದರ ಮೇಲೆ ಗಾಡಿ ಎತ್ತಿ ನಿನ್ನನ್ನ ಅದರ ಕೆಳಗೆ ಮಲಗಿಸೋಕೆ ನನಗೆ ಮನಸ್ಸು ಬರ್ಲಿಲ್ಲ.”

ಸುಳ್ಳಿಗೆ ಕಾಳಜಿಯ ಬಟ್ಟೆ ತೊಡಿಸಿದ್ದರು. ಸೊಸೆಗೆ ಕಣ್ಣು ತುಂಬಿ ಬಂತು. “ಹೌದಾ ಮಾವ? ಸರಿ ಬಿಡಿ, ಹೇಗೋ ಮಾಡ್ಕೋತೀನಿ,” ಅಂದಳು. ಮೇಸ್ತ್ರಿ ಅವಳ ಮುಖ ನೋಡಲಾರದೆ, ಆಟೋದವನ ಹತ್ತಿರ ಇಲ್ಲದ ಮಾತು ತೆಗೆದು ನಿಂತರು.

ಮಾರನೆಯ ದಿನವೆಲ್ಲ ಹಿತ್ತಲಿನಲ್ಲಿ ಕೂತು ಕಾದರು. ಈಗ ಬರುತ್ತಾಳೆ, ಆಗ ಬರುತ್ತಾಳೆ. ಸಂಜೆ ಬಂದವಳು, “ಜಾಕ್ ಸೂಪರ್ ಮಾವ! ಎತ್ತಿದ್ರೆ ಎತ್ತಿದಲ್ಲೇ ನಿಲ್ಲುತ್ತೆ, ಕೂದಲೆಳೆಯಷ್ಟೂ ಇಳಿಯಲ್ಲ” ಅಂದು ಕೈ ತೊಳೆಯಲು ಹೋದಳು. ಮೇಸ್ತ್ರಿಗೆ ತಲೆ ಕೆಟ್ಟಿತು. ಹೇಗೆ ಎತ್ತಿದಳು?

ಹೇಗೆ ಅನ್ನುವುದನ್ನು ಕೇಳುವ ಧೈರ್ಯ ಅವರಿಗಿರಲಿಲ್ಲ. ಅದೇ ದಿನದಿಂದ ಮನೆಯಲ್ಲಿ ಇನ್ನೊಂದು ವಿಚಿತ್ರ ಶುರುವಾಗಿತ್ತು. ಮೇಸ್ತ್ರಿಯ ಹೆಂಡತಿ ಬೆಳಿಗ್ಗೆ ಬೆಳಿಗ್ಗೆಯೇ ಸೀರೆ ಬದಲಾಯಿಸಿ, ಕೈಯಲ್ಲೊಂದು ಚೀಲ ಹಿಡಿದು ಸೊಸೆಯ ಪಕ್ಕ ವ್ಯಾನು ಹತ್ತತೊಡಗಿದರು.

“ಎಲ್ಲಿಗೆ ಸವಾರಿ?” ಮೇಸ್ತ್ರಿ ಕೇಳಿದರು.

“ತರಕಾರಿ ತರೋಕೆ.”

“ನಿನ್ನೆ ತಂದಿದ್ದು?”

“ನಿನ್ನೇದು ನಿನ್ನೆ ತಿಂದಾಯ್ತಲ್ರೀ. ಮನೇಲಿ ಕೂತು ಕೂತು ನನಗೂ ಸಾಕಾಗಿದೆ. ಸ್ವಲ್ಪ ಗಾಳಿ ಕುಡ್ಕೊಂಡು ಬರ್ತೀನಿ.”

“ಅನ್ನ?”

“ಮಾಡಿಟ್ಟಿದ್ದೀನಿ. ಬಿಸಿ ಮಾಡ್ಕೊಂಡು ತಿನ್ನಿ. ಒಲೆ ಹಚ್ಚೋಕೆ ಬರುತ್ತೆ ಅಂದ್ಕೋತೀನಿ.”

ಮೇಸ್ತ್ರಿ ದಿನಾ ಮಧ್ಯಾಹ್ನ ತಣ್ಣನೆ ಅನ್ನ, ತಣ್ಣನೆ ಸಾರು, ಜೊತೆಗೆ ಬಿಸಿ ಸಿಟ್ಟು ಉಂಡರು. ಅತ್ತೆ ಸೊಸೆ ಇಬ್ಬರೂ ಸಂಜೆ ನಗುನಗುತ್ತ ಬರುತ್ತಿದ್ದರು. ಹೆಂಡತಿಯ ಚೀಲದಲ್ಲಿ ಒಂದು ಹಿಡಿ ಬೀನ್ಸು, ಎರಡು ಈರುಳ್ಳಿ. ಇಷ್ಟಕ್ಕೆ ದಿನವಿಡೀ ಊರು ಸುತ್ತಬೇಕಾ ಅಂತ ಮೇಸ್ತ್ರಿ ಗೊಣಗಿದರು. ಮಗ “ಹೋಗ್ಲಿ ಬಿಡಪ್ಪ, ಅಮ್ಮನೂ ಖುಷಿಯಾಗಿರ್ಲಿ” ಅಂದ. ಹೆಂಡತಿ ಮಲಗುವ ಮುಂಚೆ ಸೊಂಟಕ್ಕೆ ಮುಲಾಮು ತಿಕ್ಕಿಕೊಳ್ಳುತ್ತಿದ್ದುದನ್ನು ಮೇಸ್ತ್ರಿ ನೋಡಿದ್ದರು. ವಯಸ್ಸಾಯಿತು ಅಂದುಕೊಂಡು ಸುಮ್ಮನಾಗಿದ್ದರು.

ಹೀಗೆ ಕೆಲವು ವಾರ ಕಳೆದ ಮೇಲೆ ಮೇಸ್ತ್ರಿಯ ಓದುವ ಕನ್ನಡಕದ ಕಾಲು ಮುರಿಯಿತು. ರಿಪೇರಿಗೆ ಕೊಟ್ಟರು. ಅರ್ಧ ಗಂಟೆ ಬಿಟ್ಟು ಬನ್ನಿ ಅಂದ ಕನ್ನಡಕದವನು. ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಟೀ ಹೇಳಿ, ಸುಮ್ಮನೆ ಕೈಗೊಂದು ಇರಲಿ ಅಂತ ಪೇಪರ್ ತೆಗೆದುಕೊಂಡರು. ಕನ್ನಡಕವಿಲ್ಲದೆ ಅದರಲ್ಲಿ ಒಂದಕ್ಷರವೂ ಕಾಣುತ್ತಿರಲಿಲ್ಲ. ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ದೂರ ಅಂದರೆ ರಸ್ತೆಯ ಆಚೆ, ಅಷ್ಟೇ. ಅಲ್ಲಿ, ಟೈಲರ್ ಮನೆಯ ಮುಂದೆ, ಅವರ ವ್ಯಾನೇ ಬಂದು ನಿಂತಿತು.

ಸೊಸೆ ಇಳಿದಳು. ಆ ಕಡೆಯಿಂದ ಹೆಂಡತಿ ಇಳಿದರು. ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು, ವ್ಯಾನಿನ ಹಿಂದಕ್ಕೆ ಬಂದರು, ಬಗ್ಗಿದರು. ಒಂದು ತುದಿ ಸೊಸೆಯದು, ಇನ್ನೊಂದು ತುದಿ ಅವರದು. “ಹೂಂ, ಈಗ,” ಅಂದಿದ್ದು ರಸ್ತೆ ದಾಟಿ ಮಂದ ಕಿವಿಗೂ ಕೇಳಿಸಿತು. ಜಾಕ್ ವ್ಯಾನಿನ ಅಂಚಿಗೆ ಬಂತು. ಕುತ್ತಿಗೆಗೆ ಟೇಪ್ ಹಾಕಿಕೊಂಡಿದ್ದ ಟೈಲರ್ ಜಗಲಿಯಿಂದ ಓಡಿ ಬಂದ. ಅವನದೂ ಹೆಂಡತಿಯದೂ ದೊಡ್ಡ ದನಿ, ಬೆಂಚಿನವರೆಗೂ ಕೇಳುತ್ತಿತ್ತು.

“ಅಯ್ಯೋ ಅಮ್ಮ, ನೀವ್ಯಾಕೆ? ನಾನು ಹಿಡೀತೀನಿ.”

“ಬೇಡಪ್ಪ, ನಿನ್ನ ಕೈಗೆ ಎಣ್ಣೆ ಆದ್ರೆ ಯಾರದ್ದೋ ಬಟ್ಟೆ ಹಾಳು. ನಮಗೆ ಅಭ್ಯಾಸ ಆಗಿದೆ.”

“ಇಷ್ಟು ಭಾರದ್ದು ಯಾರು ತಂದ್ರು?”

“ನಮ್ಮ ಯಜಮಾನ್ರು. ಅವರು ತಿಳ್ಕೊಂಡೇ ತಂದಿರ್ತಾರೆ. ಸೊಸೆಗೆ ಒಂಚೂರೂ ಏಟಾಗ್ಬಾರ್ದು ಅಂತ.”

ಮಾತು ಮುಗಿಯಿತೋ ಇಲ್ಲವೋ, ಜಾಕಿನ ಚಕ್ರ ಅಂಚಿನಿಂದ ಜಾರಿತು. ಸೊಸೆ ಕೂಗಿಕೊಂಡಳು. ಜಾಕ್ ಧೊಪ್ಪನೆ ಕೆಳಗೆ ಬಿತ್ತು. ಹೆಂಡತಿ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು, ಟೈಲರನ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಮೇಸ್ತ್ರಿ ಏಳಬೇಕಿತ್ತು. ರಸ್ತೆ ಏನು ಸಮುದ್ರವೇ? ಎರಡು ದಾಪುಗಾಲು. ಆದರೆ ಎದ್ದು ಹೋದರೆ ಏನು ಹೇಳುವುದು? ಹೆಂಡತಿ ಈಗಷ್ಟೇ ತಮ್ಮನ್ನು ಹೊಗಳಿದ್ದಾಳೆ, ಆ ಹೊಗಳಿಕೆಯ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಟೈಲರ್ ಈ ಕಡೆ ತಿರುಗಿದ ಹಾಗಾಯಿತು. ಮೇಸ್ತ್ರಿಯ ಕೈ ತಾನಾಗಿ ಪೇಪರನ್ನು ಮುಖಕ್ಕೆ ಅಡ್ಡ ಎತ್ತಿತು. ಎತ್ತಿದ ಪೇಪರ್ ಇಳಿಯಲಿಲ್ಲ. ಟೀ ತಣ್ಣಗಾಯಿತು. ಪೇಪರಿನ ಹಿಂದೆ ಅವರ ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಬಿಸಿಯಾಗಿ ಸುಡುತ್ತಿತ್ತು. ಆಮೇಲೆ ಹಿಂದಿನ ಗಲ್ಲಿಯಿಂದ ನುಸುಳಿ ಮನೆ ಸೇರಿದರು. ಕನ್ನಡಕ ಅಲ್ಲೇ ಉಳಿಯಿತು.

ಸಂಜೆ ಹೆಂಡತಿ ಬಂದಾಗ, “ಕೈಗೇನಾಯ್ತೇ?” ಅಂತ ಕೇಳಿದರು. ಕೇಳಿದ ಧಾಟಿ ಎಷ್ಟು ಚೆನ್ನಾಗಿತ್ತು ಅಂದರೆ ಅವರಿಗೇ ಅಸಹ್ಯವಾಯಿತು.

“ಬಾಗಿಲಿಗೆ ಸಿಕ್ಕಿಕೊಳ್ತು,” ಅಂದರು ಹೆಂಡತಿ.

ಊಟಕ್ಕೆ ಕೂತಾಗ ಕೈ ಊದಿ ಕೆಂಪಗಾಗಿತ್ತು. ಎಡಗೈಯಲ್ಲಿ ಅನ್ನ ಬಡಿಸಲು ಹೋಗಿ ಅರ್ಧ ನೆಲಕ್ಕೆ ಬಿತ್ತು. ಮಗ ಚಮಚ ಕಿತ್ತುಕೊಂಡ.

“ಬಾಗಿಲಿಗೆ ಸಿಕ್ಕಿದ್ರೆ ಹೀಗೆ ಊದ್ಕೊಳ್ಳುತ್ತೇನಮ್ಮ? ನಿಜ ಹೇಳು.”

ಸೊಸೆಗೆ ತಡೆಯಲಾಗಲಿಲ್ಲ. “ಜಾಕ್ ಇಳಿಸೋವಾಗ ಆಯ್ತು ರೀ. ಮೊದಲನೇ ದಿನದಿಂದ ಅತ್ತೆನೇ ಒಂದು ಕಡೆ ಹಿಡೀತಿದ್ರು. ನಾನು ಬೇಡ ಅಂದ್ರೂ ಕೇಳ್ಲಿಲ್ಲ. ಮಾವನಿಗೆ ಗೊತ್ತಾದ್ರೆ ನೊಂದ್ಕೋತಾರೆ, ಪ್ರೀತಿಯಿಂದ ತಂದಿದ್ದಾರೆ, ಹೇಳ್ಬೇಡ ಅಂದ್ರು.”

“ಪ್ರೀತಿ ಇರ್ಲಿ, ಹೆಂಗಸ್ರು ದಿನಾ ಎತ್ತಿ ಇಳಿಸೋದು ಅಂತ ಗೊತ್ತಿದ್ದೂ ಯಾಕಪ್ಪ ಇಂಥದ್ದು ತಂದಿದ್ದು?” ಮಗ ಅಪ್ಪನ ಕಡೆ ತಿರುಗಿದ.

ಮೇಸ್ತ್ರಿ ಬಾಯಿಬಿಡುವ ಮುಂಚೆ ಹೆಂಡತಿ ಹೇಳಿದರು: “ಅವರನ್ನೇನು ಕೇಳ್ತೀಯೋ? ಗಟ್ಟಿಮುಟ್ಟಾಗಿರೋದೇ ತನ್ನಿ ಅಂತ ನಾನೇ ಹೇಳಿದ್ದೆ.”

“ನಿನಗೇನು ಗೊತ್ತಮ್ಮ ಜಾಕಿನ ವಿಷ್ಯ? ಎಲ್ಲದಕ್ಕೂ ಮೂಗು ತೂರಿಸೋದು, ಆಮೇಲೆ ಕೈಕಾಲು ಮುರ್ಕೊಳ್ಳೋದು!” ಮಗ ರೇಗಿದ. ಹೆಂಡತಿ ತಲೆ ತಗ್ಗಿಸಿ ನೆಲದ ಅನ್ನ ಆಯತೊಡಗಿದರು, ಎಡಗೈಯಲ್ಲಿ.

ಮೇಸ್ತ್ರಿ ಒಂದು ತುತ್ತು ನುಂಗಿದರು. ಇನ್ನೊಂದು ತುತ್ತನ್ನು ಕಲಸಿ ತಟ್ಟೆಯಲ್ಲೇ ಬಿಟ್ಟರು.

“ಅವಳು ಹೇಳ್ಲಿಲ್ಲ ಕಣೋ. ಬೈಬೇಡ ಅವಳನ್ನ,” ಅಂದರು. “ಹಗುರದ್ದು ಇತ್ತು. ಅದೇ ಸರಿಯಾಗಿತ್ತು. ಅಂಗಡಿಯವನೂ ಅದನ್ನೇ ತಗೊಳ್ಳಿ ಅಂದ. ಸೊಸೆ ಕೈಲಿ ಎತ್ತಕ್ಕಾಗ್ಬಾರ್ದು ಅಂತಾನೇ ನಾನು ಇದನ್ನ ತಂದೆ.”

ಸೊಸೆ ತಟ್ಟೆಯಲ್ಲಿ ಬೆರಳಿಟ್ಟುಕೊಂಡೇ ಕೇಳಿದಳು: “ಯಾಕೆ ಮಾವ?”

“ಎಲ್ಲರೂ ನಿನ್ನನ್ನೇ ಕೇಳ್ತಾರಮ್ಮ. ನನ್ನನ್ನ ಯಾರೂ ಕೇಳಲ್ಲ. ಹೊಟ್ಟೆಕಿಚ್ಚು, ಇನ್ನೇನು? ನಾಚಿಕೆ ಆಗುತ್ತೆ ಹೇಳ್ಕೊಳ್ಳೋಕೆ.”

ಮಗ ಕೈ ತೊಳೆದು ಎದ್ದು ಹೋದ. ಸೊಸೆ ಮೂಗು ಒರೆಸಿಕೊಂಡು, “ಜೊತೆಗೆ ಬರ್ತೀನಿ ಅಂದಿದ್ರೆ ನಾನೇ ಕೈ ಹಿಡ್ದು ಕರ್ಕೊಂಡು ಹೋಗ್ತಿದ್ನಲ್ಲ ಮಾವ. ಇಷ್ಟಕ್ಕೆ ಜಾಕ್ ಬೇಕಿತ್ತಾ?” ಅಂದಳು. ಪಾತ್ರೆ ಹತ್ತಿರಕ್ಕೆ ಎಳೆದುಕೊಂಡಳು. “ಇನ್ನೊಂಚೂರು ಅನ್ನ ಹಾಕ್ಲಾ?”

ಮೇಸ್ತ್ರಿ ಹಾಕಿಸಿಕೊಂಡರು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ, ಆ ಅನ್ನವನ್ನೂ ಉಂಡರು, ಆಮೇಲೆ ಮೊಸರನ್ನೂ ಉಂಡರು.

ಬೆಳಿಗ್ಗೆ ಹೆಂಡತಿಯ ಕೈಗೆ ಬಟ್ಟೆ ಸುತ್ತುತ್ತಿದ್ದಾಗ ಆಕೆ ಮೆಲ್ಲಗೆ ಅಂದರು: “ಟೀ ಅಂಗಡಿ ವಿಷ್ಯ ಹೇಳ್ಲಿಲ್ಲ ನೀವು.”

ಮೇಸ್ತ್ರಿಯ ಕೈ ನಿಂತಿತು. “ನೋಡಿದ್ಯಾ?”

“ಪೇಪರ್ ಮುಖಕ್ಕೆ ಹಿಡ್ಕೊಂಡ್ರೆ ಕಾಲು ಮುಚ್ಚುತ್ತೇನ್ರೀ? ಇಷ್ಟು ವರ್ಷ ಎಣ್ಣೆ ತಿಕ್ಕಿದ ಕಾಲು ನನಗೆ ಗೊತ್ತಾಗಲ್ವಾ?”

“ಸೊಸೆ?”

“ಅವಳು ವ್ಯಾನಿನ ಕಡೆ ತಿರುಗಿದ್ಳು, ನೋಡ್ಲಿಲ್ಲ. ನಾನು ಹೇಳಿಲ್ಲ. ಹೇಳೋದೂ ಇಲ್ಲ. ಅದನ್ನ ನೀವೇ ಹೇಳ್ಬೇಕು.”

“ಹೇಳ್ತೀನಿ,” ಅಂದರು ಮೇಸ್ತ್ರಿ.

ಅವತ್ತು ಹೇಳಲಿಲ್ಲ. ಅಂಗಡಿಗೆ ಹೋಗಿ ಜಾಕ್ ಬದಲಾಯಿಸಿಕೊಡು ಅಂತ ಗೋಗರೆದು ಬಂದರು. ಹಗುರದ್ದು ಖಾಲಿಯಾಗಿದೆ, ಮುಂದಿನ ವಾರ ಬಂದಾಗ ಕೊಡುತ್ತೇನೆ ಅಂದ. ಅಲ್ಲಿಯವರೆಗೆ ತಾವೇ ಜೊತೆಗೆ ಹೋಗಿ ಒಂದು ತುದಿ ಹಿಡಿಯುವುದು ಅಂತಾಯಿತು. ಮುಂದಿನ ಸೀಟಿನಲ್ಲಿ ಕೂತು ಹೋದರು. ಬೇಕಾಗಿದ್ದ ಸೀಟೇ. ಸೊಸೆ ಗಾಡಿ ಓಡಿಸುತ್ತ, “ಇದರ ಸದ್ದು ಕೇಳಿ ಮಾವ, ಬೆಲ್ಟ್ ಅಲ್ವಾ?” ಅಂತ ಮೇಸ್ತ್ರಿಗೆ ಕೇಳಿಸದ್ದನ್ನೂ ಅವರನ್ನೇ ವಿಚಾರಿಸುತ್ತಿದ್ದಳು. ಇಂಥ ಹೊತ್ತಿನಲ್ಲಿ ಟೀ ಅಂಗಡಿ ಯಾಕೆ ತೆಗೆಯುವುದು? ನಾಳೆ ಹೇಳೋಣ ಅಂದುಕೊಂಡರು. ನಾಳೆಯೂ ಅದನ್ನೇ ಅಂದುಕೊಂಡರು.

ಟೈಲರ್ ಕಾರಿನ ಹಿಂದಿನ ಗಾಲಿಯ ಕೆಲಸ ಬಾಕಿ ಇತ್ತು. ಹೋದರು. ಟೈಲರ್ ಬಾಗಿಲಿಗೆ ಬಂದು ಮುಖವರಳಿಸಿದ.

“ಓಹೋ, ಮೇಸ್ತ್ರಿಗಳೇ ಬಂದ್ಬಿಟ್ರಲ್ಲ! ಹೋದ ಸಲಾನೇ ಎದ್ದು ಬರ್ತೀರೇನೋ ಅಂದ್ಕೊಂಡಿದ್ದೆ.”

“ಯಾವಾಗ?” ಅಂದಳು ಸೊಸೆ, ವ್ಯಾನಿನ ಬಾಗಿಲು ತೆಗೆಯುತ್ತ.

“ಅದೇಮ್ಮ, ದೊಡ್ಡಮ್ಮನ ಕೈ ಉಳುಕಿದ ದಿನ. ಎದುರಿಗೆ ಟೀ ಅಂಗಡೀಲೇ ಕೂತಿದ್ರು. ಕೈ ಬೀಸಿ ಕರೆದೆ. ಪೇಪರಲ್ಲಿ ಮುಳುಗಿಹೋಗಿದ್ರು, ನೋಡ್ಲೇ ಇಲ್ಲ ಪಾಪ.”

ಅವನ ಮಾತಿನಲ್ಲಿ ಯಾವ ಕುಹಕವೂ ಇರಲಿಲ್ಲ. ಒಳಗೆ ಯಾರೋ ಕರೆದರು, ಹೋದ.

ಸೊಸೆ ರಸ್ತೆಯ ಆಚೆ ನೋಡಿದಳು. ಬೆಂಚು ಎಷ್ಟು ಹತ್ತಿರವಿತ್ತೆಂದರೆ, ಅಲ್ಲಿ ಕೂತವರ ಲೋಟದಲ್ಲಿ ಟೀ ಎಷ್ಟಿದೆ ಅಂತ ಇಲ್ಲಿಂದಲೇ ಕಾಣುತ್ತಿತ್ತು. ಆಮೇಲೆ ಮೇಸ್ತ್ರಿಯನ್ನು ನೋಡಿದಳು.

“ನೋಡ್ಲಿಲ್ವಾ ಮಾವ?”

ನೋಡಲಿಲ್ಲ ಅಂದರೆ ಮುಗಿಯುತ್ತಿತ್ತು. ಟೈಲರನೇ ದಾರಿ ಮಾಡಿಕೊಟ್ಟು ಹೋಗಿದ್ದ. ಅವಳೂ ಆ ಮಾತೇ ಕಿವಿಗೆ ಬೀಳಲಿ ಅಂತ ಕಾಯುತ್ತಿದ್ದಳೇನೋ, ಮುಖ ಹಾಗಿತ್ತು.

“ನೋಡಿದೆ,” ಅಂದರು ಮೇಸ್ತ್ರಿ.

“ಅತ್ತೆ ಮೆಟ್ಟಿಲ ಮೇಲೆ ಕೂತಿದ್ದು?”

“ಅದನ್ನೂ ನೋಡಿದೆ.”

“ಮನೆಗೆ ಬಂದು, ಏನಾಯ್ತು ಅಂತ ಕೇಳಿದ್ರಲ್ಲ.”

ಮೇಸ್ತ್ರಿ ನಿಂತಲ್ಲೇ ಕುಗ್ಗಿ ಹೋದರು.

ಸೊಸೆ ವ್ಯಾನಿನ ಹಿಂದಕ್ಕೆ ಹೋದಳು. “ಆ ಕಡೆ ಹಿಡೀರಿ,” ಅಂದಳು. ಇಬ್ಬರೂ ಸೇರಿ ಜಾಕ್ ಇಳಿಸಿದರು. ಅವಳು ಹ್ಯಾಂಡಲ್ ಒತ್ತಿ ಕಾರು ಎತ್ತಿದಳು. ಮೇಸ್ತ್ರಿ ನೋಯುವ ಮಂಡಿಯನ್ನೇ ಊರಿ, ಇಷ್ಟು ವರ್ಷ ಸಾವಿರ ಗಾಡಿಗೆ ಇಟ್ಟ ಹಾಗೆಯೇ, ಸ್ಟ್ಯಾಂಡನ್ನು ಜಾಗ ನೋಡಿ ಇಟ್ಟು, “ಆಯ್ತು, ಹೋಗಮ್ಮ” ಅಂದರು. ಅವರು ಸ್ಟ್ಯಾಂಡ್ ಇಟ್ಟ ಗಾಡಿಯ ಕೆಳಗೆ ಅವಳು ಯಾವತ್ತೂ ಹಿಂದೆಮುಂದೆ ನೋಡದೆ ಜಾರಿ ಹೋಗುತ್ತಿದ್ದಳು.

ಇವತ್ತು ಹೋಗಲಿಲ್ಲ. ಕೂತಳು, ಕೈ ಚಾಚಿ ಸ್ಟ್ಯಾಂಡನ್ನು ಹಿಡಿದು ಅಲುಗಾಡಿಸಿ ನೋಡಿದಳು. ಬಗ್ಗಿ, ಅದು ಕೂತಿದ್ದ ಜಾಗವನ್ನೂ ನೋಡಿದಳು.

“ಇನ್ನೊಂದ್ಸಲ ನೋಡ್ಕೋ,” ಅಂದರು ಮೇಸ್ತ್ರಿ.

ಅವಳು ಇನ್ನೊಂದು ಸಲ ನೋಡಿಕೊಂಡೇ ಕೆಳಗೆ ಹೋದಳು.